ಡಾಕ್ಟರಮ್ಮನಿಗೆ ಪ್ರಶ್ನೆ: ಯೂಶುವಿಗೆ ಹೋದ ಲಾರಿಯಲ್ಲಿ ಏನೇನಿತ್ತು?

ಕಳೆದ ಸಂಚಿಕೆಯಲ್ಲಿ ಎತ್ತರದ ಜಾಗಗಳಲ್ಲಿ ಬರುವ ತಲೆನೋವಿನ ಬಗ್ಗೆ ಬರೆಯುವಾಗ ಒಂದು ಮಾತು ಹೇಳಿದ್ದೆ. ನಾನು ಎಂಬಿಬಿಎಸ್ ಓದಿದ್ದು ಚೀನಾದ ಚಿಂಗ್‌ಹಾಯ್ ಪ್ರಾಂತ್ಯದ ಶೀನಿಂಗ್‌ನಲ್ಲಿ, 2010ರಲ್ಲಿ ಯೂಶು ಭೂಕಂಪ ಆದಾಗ ಅಲ್ಲೇ ಇದ್ದೆ ಅಂತ. ಅಷ್ಟಕ್ಕೇ ಪತ್ರಗಳ ರಾಶಿ ಬಂದು ಬಿದ್ದಿದೆ. ಹಾಗಾಗಿ ಮಂಡಿನೋವು, ಥೈರಾಯ್ಡು ಎಲ್ಲ ಈ ಸಲ ಬದಿಗೆ.

ಗೊತ್ತಿಲ್ಲದವರಿಗೆ ನಾಲ್ಕು ಸಾಲು. ಯೂಶು ಇರುವುದು ಟಿಬೆಟ್ ಪ್ರಸ್ಥಭೂಮಿಯ ಪೂರ್ವದಲ್ಲಿ, ಟಿಬೆಟಿನವರು ಖಮ್ ಎನ್ನುವ ಸೀಮೆಯಲ್ಲಿ. ಆಡಳಿತದ ಲೆಕ್ಕಕ್ಕೆ ಅದು ಚಿಂಗ್‌ಹಾಯ್ ಪ್ರಾಂತ್ಯ. ಮುಖ್ಯ ಊರು ಗ್ಯೇಗು, ಸುಮಾರು 3,700 ಮೀಟರ್ ಎತ್ತರದಲ್ಲಿದೆ. 2010ರ ಏಪ್ರಿಲ್ 14ರ ಬುಧವಾರ, ಬೆಳಗಿನ ಜಾವ 5.39ಕ್ಕೆ ಒಂದು ಸಣ್ಣ ಕಂಪನ ಆಯಿತು. ಎಚ್ಚರವಾದ ಎಷ್ಟೋ ಜನ ಮತ್ತೆ ಮಲಗಿದರು. 7.49ಕ್ಕೆ ದೊಡ್ಡದು ಬಂತು. ಚೀನಾದ ಲೆಕ್ಕದಲ್ಲಿ 7.1 ತೀವ್ರತೆ, ಅಮೆರಿಕದವರ ಲೆಕ್ಕದಲ್ಲಿ 6.9. ಮಣ್ಣಿನ ಇಟ್ಟಿಗೆಯ ಗೋಡೆ, ಮೇಲೆ ಭಾರದ ಮಾಳಿಗೆ. ಊರಿನ ಬಹುಪಾಲು ಮನೆಗಳು ಕೂತೇ ಹೋದವು. ಸರ್ಕಾರ ಕೊಟ್ಟ ಕೊನೆಯ ಲೆಕ್ಕದಲ್ಲಿ 2,698 ಮಂದಿ ಸತ್ತಿದ್ದರು, 270 ಮಂದಿ ಸಿಕ್ಕಿರಲಿಲ್ಲ, 12 ಸಾವಿರಕ್ಕೂ ಜಾಸ್ತಿ ಜನಕ್ಕೆ ಗಾಯವಾಗಿತ್ತು.

ಇನ್ನು ಪತ್ರಗಳು.

ಪ್ರಶ್ನೆ: ಅಕ್ಕಾ, ನಾನು ಡಿಗ್ರಿ ಎರಡನೇ ವರ್ಷ, ಎನ್‌ಎಸ್‌ಎಸ್‌ನಲ್ಲಿ ಇದ್ದೇನೆ. ಆಗ ನೀವೂ ವಿದ್ಯಾರ್ಥಿನಿ ಅಲ್ವಾ? ವಿದ್ಯಾರ್ಥಿಗಳು ಏನು ಮಾಡಿದಿರಿ? ಏನೇನು ಕಳಿಸಿದಿರಿ? ಸ್ವಲ್ಪ ವಿವರವಾಗಿ ಬರೆಯಿರಿ. (ಕಾಲೇಜು ವಿದ್ಯಾರ್ಥಿನಿ)

ವಿವರವಾಗಿಯೇ ಬರೀತೀನಿ ಕಣಮ್ಮಾ, ಇದು ನನಗೆ ಇಷ್ಟದ ಪ್ರಶ್ನೆ.

ಮೊದಲು ದಾರಿಯ ಕಥೆ ತಿಳಿದುಕೊ. ಶೀನಿಂಗ್‌ನಿಂದ ಗ್ಯೇಗುವಿಗೆ 214ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಸುಮಾರು 800 ಕಿಲೋಮೀಟರ್. ನಡುವೆ ಬಯಾನ್ ಹಾರ್ ಕಣಿವೆ ದಾಟಬೇಕು, ಅದು 4,800 ಮೀಟರಿಗಿಂತ ಮೇಲಿದೆ. ಏಪ್ರಿಲ್‌ನಲ್ಲೂ ಅಲ್ಲಿ ಹಿಮ. ಯೂಶುವಿನ ವಿಮಾನ ನಿಲ್ದಾಣ ಹಿಂದಿನ ವರ್ಷವಷ್ಟೇ ಶುರುವಾಗಿತ್ತು, ಅದು ಸೈನಿಕರು, ವೈದ್ಯರು, ಗಾಯಾಳುಗಳ ಓಡಾಟಕ್ಕೇ ಸಾಲುತ್ತಿರಲಿಲ್ಲ. ಹಾಗಾಗಿ ಜನ ಕೊಟ್ಟಿದ್ದೆಲ್ಲ ಹೋಗಬೇಕಾದದ್ದು ಲಾರಿಯಲ್ಲೇ.

ನಾವು ವಿದೇಶಿ ವಿದ್ಯಾರ್ಥಿಗಳು ಅಲ್ಲಿಗೆ ಹೋಗುವ ಹಾಗಿರಲಿಲ್ಲ. ಶೀನಿಂಗ್‌ನಲ್ಲೇ ಮೂಟೆ ಕಟ್ಟುವುದು, ಹೊರುವುದು, ಬರೆದುಕೊಳ್ಳುವುದು ನಮ್ಮ ಕೆಲಸ. ನನ್ನ ಗೆಳತಿಯೊಬ್ಬಳು ಯೂಶು ಕಡೆಯವಳು, ಅಲ್ಲೇ ಇನ್ನೊಂದು ಕಾಲೇಜಿನಲ್ಲಿ ಇತಿಹಾಸ ಓದುತ್ತಿದ್ದಳು. ಅವಳ ಹತ್ತಿರ ಒಂದು ಉದ್ದನೆಯ ನೋಟ್‌ಬುಕ್ ಇತ್ತು. ಫೋನು ಸಿಗಲು ಶುರುವಾದ ಕೂಡಲೇ ಊರಿನವರಿಗೆಲ್ಲ ಫೋನು ಹಚ್ಚಿ ಕೂತಳು. ಒಂದೊಂದು ಹಳ್ಳಿಗೆ ಒಂದೊಂದು ಪುಟ. ಎಷ್ಟು ಮನೆ, ಎಷ್ಟು ಮಕ್ಕಳು, ಯಾರ ಕೈಗೆ ಕೊಡಬೇಕು, ಏನು ಬೇಕು. ಬೇರೆ ಕಡೆಯಿಂದ ಆಗಲೇ ಏನು ಬಂದಿದೆ ಅಂತಲೂ ಕೇಳಿ ಬರೆದುಕೊಳ್ಳುತ್ತಿದ್ದಳು. ಇದನ್ನು ಜಾಸ್ತಿ ಜನ ಕೇಳುವುದಿಲ್ಲ, ನೋಡು.

ಆ ಪುಟಗಳಿಂದಲೇ ನಮಗೆ ಗೊತ್ತಾಗಿದ್ದು, ಗ್ಯೇಗುವಿನ ಕುದುರೆ ಪಂದ್ಯದ ಮೈದಾನದಲ್ಲಿ ಸಾಲುಸಾಲು ಡೇರೆ ಎದ್ದಿವೆ, ಸಾಮಾನು ಅಲ್ಲೇ ಬಂದು ಸೇರುತ್ತಿದೆ, ಹೆದ್ದಾರಿ ಬಿಟ್ಟು ಒಳಗಿರುವ ಹಳ್ಳಿಗಳಿಗೆ ಏನೂ ಮುಟ್ಟಿಲ್ಲ ಅಂತ. ನಮ್ಮ ಲಾರಿ ಪಟ್ಟಣದೊಳಗೆ ಹೋಗಲೇ ಇಲ್ಲ.

ಏನು ಕಳಿಸಿದೆವು? ಎಲ್ಲಕ್ಕಿಂತ ಮೊದಲು ತ್ಸಂಪಾ. ಹುರಿದ ಬಾರ್ಲಿಯ ಹಿಟ್ಟು. ಒಲೆ ಇಲ್ಲದಿದ್ದರೂ ನಡೆಯುತ್ತದೆ, ತಣ್ಣನೆ ನೀರಲ್ಲಿ ಕಲಸಿ ಉಂಡೆ ಕಟ್ಟಿ ತಿನ್ನಬಹುದು. ಬೆಣ್ಣೆ. ಒತ್ತಿ ಇಟ್ಟಿಗೆ ಮಾಡಿದ ಚಹಾ. ಉಪ್ಪು. ದೊಡ್ಡ ಥರ್ಮಾಸ್ ಫ್ಲಾಸ್ಕು. ಟಾರ್ಚು, ಅದರ ಸೆಲ್ಲು, ಲೈಟರು. ಟಾರ್ಪಾಲು, ದಪ್ಪ ರಜಾಯಿ. ಹೆಂಗಸರಿಗೆ ಪ್ಯಾಡು (ಈ ಕಾಲಂ ನನ್ನದು, ಆದ್ದರಿಂದ ಬರೆಯುತ್ತೇನೆ: ಹುಡುಗರು ಮಾಡಿದ ಪಟ್ಟಿಯಲ್ಲಿ ಅದು ಇರಲಿಲ್ಲ). ಆಮೇಲೆ ತಗಡಿನ ಒಲೆ, ಹೊಗೆ ಹೋಗುವ ಕೊಳವೆ ಸಮೇತ. ಫೋನಿನಲ್ಲಿ ಎಲ್ಲ ಹಳ್ಳಿಯವರೂ ಕೇಳಿದ್ದು ಈ ಒಲೆಯನ್ನೇ. ಅಲ್ಲಿ ಉರಿಸುವುದು ಯಾಕ್‌ನ ಸಗಣಿ, ಮರ ಎಲ್ಲಿಂದ ಬರಬೇಕು? ಡೇರೆಯೊಳಗೆ ಬರೀ ಕಲ್ಲಿಟ್ಟು ಸಗಣಿ ಉರಿಸಿದರೆ ಹೊಗೆಗೇ ಸಾಯಬೇಕು. ಡೇರೆ ಸರ್ಕಾರ ಕೊಟ್ಟಿತ್ತು. ಒಲೆ ಇಲ್ಲದೆ ಆ ಡೇರೆಯಲ್ಲಿ ರಾತ್ರಿ ಕಳೆಯುವುದು ಹೇಗೆ? ಸೊನ್ನೆಗಿಂತ ಕೆಳಗೆ ಇಳಿಯುವ ಚಳಿ.

ಶೀನಿಂಗ್‌ನಲ್ಲಿ ಹುಯಿ ಮುಸ್ಲಿಮರು ತುಂಬಾ ಜನ. ನಮ್ಮ ಲಾರಿಯ ಡ್ರೈವರೂ ಅವರಲ್ಲೊಬ್ಬ. ನಮ್ಮ ಓಣಿಯ ನೂಡಲ್ಸ್ ಅಂಗಡಿಯವರೂ ಅವರೇ. ಅವರು ಒಂದು ರಾತ್ರಿ ಪೂರ್ತಿ ದಪ್ಪ ರೊಟ್ಟಿ ಸುಟ್ಟು ಮೂಟೆಗಟ್ಟಲೆ ಕೊಟ್ಟರು, ವಾರವಾದರೂ ಕೆಡದಂಥ ರೊಟ್ಟಿ. ಡ್ರೈವರ್ ಡೀಸೆಲ್ಲಿಗೆ ಬಿಟ್ಟು ಬೇರೆ ದುಡ್ಡು ಮುಟ್ಟಲಿಲ್ಲ. ಟಿಬೆಟಿನವರಿಗೂ ಹುಯಿಗಳಿಗೂ ಆ ಕಡೆ ವ್ಯಾಪಾರದ ವಿಷಯಕ್ಕೆ ಜಗಳ ಇಲ್ಲ ಅಂತಲ್ಲ. ಇದ್ದೇ ಇತ್ತು. ಆ ವಾರ ಅದನ್ನು ಯಾರೂ ಎತ್ತಲಿಲ್ಲ ಅಷ್ಟೆ.

ಲಾರಿ ವಾಪಸು ಬಂದಾಗ ನೋಟ್‌ಬುಕ್ಕಿನ ಪ್ರತಿ ಪುಟದ ಕೆಳಗೆ ಸಹಿ, ಇಲ್ಲಾ ಹೆಬ್ಬೆಟ್ಟು ಇತ್ತು. ಒಂದು ಪುಟ ಮಾತ್ರ ಖಾಲಿ. ಆ ಹಳ್ಳಿಗೆ ಹೋಗುವ ಸೇತುವೆಯ ಮೇಲೆ ಲಾರಿ ಬಿಡುವ ಧೈರ್ಯ ಡ್ರೈವರಿಗೆ ಆಗಿರಲಿಲ್ಲ. ಆಚೆ ದಡದವರು ಯಾಕ್ ಹೊಡೆದುಕೊಂಡು ಬಂದು, ಮೂಟೆ ಹೇರಿಕೊಂಡು, ಸಹಿ ಹಾಕಲು ಪುರುಸೊತ್ತಿಲ್ಲದೆ ಕತ್ತಲಾಗುವ ಮೊದಲು ಹೊರಟುಹೋದರಂತೆ.

ಪ್ರಶ್ನೆ: ಮೇಡಂ, ನಮ್ಮ ಸಂಘದಲ್ಲಿ ಹಳೇ ಬಟ್ಟೆ ಮೂರು ಚೀಲ ತುಂಬಿಸಿ ಇಟ್ಟಿದ್ದೇವೆ. ಮುಂದೆ ಎಲ್ಲಾದರೂ ಭೂಕಂಪವೋ ಪ್ರವಾಹವೋ ಆದರೆ ಕಳಿಸೋಣ ಅಂತ. ಸರಿ ತಾನೇ? (ಮಹಿಳಾ ಸಂಘದ ಕಾರ್ಯದರ್ಶಿ)

ಅಲ್ಲ.

ಬೇಜಾರು ಮಾಡಿಕೊಳ್ಳಬೇಡಿ. ಶೀನಿಂಗ್‌ನಲ್ಲಿ ನಾನು ಅತಿ ಹೆಚ್ಚು ಹೊತ್ತು ಕಳೆದದ್ದು ಹಳೇ ಬಟ್ಟೆ ಆರಿಸುವುದರಲ್ಲೇ. ಒಂದು ಮೂಟೆ ಬಿಚ್ಚಿದರೆ ಮೇಲೆ ಒಳ್ಳೆಯ ಕೋಟು, ಕೆಳಗೆ ಬೇಸಿಗೆಯ ತೆಳು ಅಂಗಿ, ಹರಿದ ಬನಿಯನ್ನು, ಒಂಟಿ ಶೂ, ಎತ್ತರದ ಹಿಮ್ಮಡಿಯ ಚಪ್ಪಲಿ. ಒಗೆಯದೇ ಕೊಟ್ಟವರು ಎಷ್ಟೋ ಜನ. ಆರಿಸದೇ ಕಳಿಸಿದರೆ ಅಲ್ಲಿ ಆರಿಸಬೇಕು. ಅಲ್ಲಿ ಆರಿಸಬೇಕಾದವರು ಯಾರು? ಮನೆ ಬಿದ್ದವರು. ಲಾರಿಯ ಜಾಗಕ್ಕೂ ಬೆಲೆ ಇದೆಯಲ್ಲ. ಹಳೇ ಬಟ್ಟೆಯ ಹತ್ತು ಮೂಟೆ ಹಾಕಿದರೆ ಹಿಟ್ಟಿನ ಹತ್ತು ಮೂಟೆ ಕೆಳಗೆ ಉಳಿಯುತ್ತದೆ.

ಟಿಬೆಟಿನವರ ಉಡುಪು ಛುಪಾ. ಉದ್ದನೆ ತೋಳಿನ, ಕುರಿಚರ್ಮದ ಒಳಪದರ ಇರುವ ನಿಲುವಂಗಿ. ರಾತ್ರಿ ಸೊಂಟದ ಪಟ್ಟಿ ಬಿಚ್ಚಿದರೆ ಅದೇ ಹಾಸಿಗೆ, ಅದೇ ಹೊದಿಕೆ. ಅವರಿಗೆ ಟೀ ಶರ್ಟ್ ಕಳಿಸಿ ಏನು ಮಾಡೋಣ ಹೇಳಿ.

ಇನ್‌ಸ್ಟಂಟ್ ನೂಡಲ್ಸ್ ಕೂಡ ಹಾಗೇ. ಪೆಟ್ಟಿಗೆಗಳ ಗೋಡೆಯೇ ಎದ್ದಿತ್ತು. ಕೆಟ್ಟದ್ದೇನಲ್ಲ, ಮೊದಲ ಎರಡು ದಿನ ಅದೇ ಗತಿ. ಆದರೆ 3,700 ಮೀಟರ್ ಎತ್ತರದಲ್ಲಿ ನೀರು ಕುದಿಯುವುದೇ ಸುಮಾರು 88 ಡಿಗ್ರಿಗೆ. ಎಷ್ಟು ಉರಿ ಹಾಕಿದರೂ ತೆರೆದ ಪಾತ್ರೆಯಲ್ಲಿ ಅದಕ್ಕಿಂತ ಬಿಸಿ ಆಗುವುದಿಲ್ಲ. ಉರಿಸಲು ಏನೂ ಇಲ್ಲದವರು ಒಣ ನೂಡಲ್ಸನ್ನೇ ಮುರಿದು ಜಗಿದರು. ಹಲ್ಲಿಲ್ಲದ ಮುದುಕರಿಗೆ ಅದೂ ಇಲ್ಲ. ಅಕ್ಕಿಯ ಕಥೆ ಇನ್ನೂ ಕಷ್ಟ, ಪ್ರೆಶರ್ ಕುಕ್ಕರ್ ಇಲ್ಲದೆ ಅಲ್ಲಿ ಅನ್ನ ಬೇಯುವುದಿಲ್ಲ.

ನಿಮ್ಮ ಮೂರು ಚೀಲ ಬಿಚ್ಚಿ, ಚೆನ್ನಾಗಿರುವುದನ್ನು ಈಗಲೇ ಹತ್ತಿರದ ಯಾರಿಗಾದರೂ ಕೊಟ್ಟುಬಿಡಿ.

ಪ್ರಶ್ನೆ: ಡಾಕ್ಟ್ರೇ, ಚೀನಾದಂಥ ದೇಶದಲ್ಲಿ ಸೈನ್ಯ ಇದೆ, ಹೆಲಿಕಾಪ್ಟರ್ ಇದೆ, ದುಡ್ಡಿದೆ. ಅಂಥಲ್ಲಿ ಸನ್ಯಾಸಿಗಳು, ವಿದ್ಯಾರ್ಥಿಗಳು, ಅಂಗಡಿಯವರು ಓಡಾಡಿದ್ದರಿಂದ ನಿಜಕ್ಕೂ ಉಪಯೋಗ ಆಯಿತೇ? ಅಡ್ಡಿಯೇ ಆಗಿರಬೇಕಲ್ಲ? (ನಿವೃತ್ತ ಹೈಸ್ಕೂಲು ಶಿಕ್ಷಕರು)

ಮೇಷ್ಟ್ರೇ, ಸೈನ್ಯ ಬೇಕಾಗಿತ್ತು. ಅದರಲ್ಲಿ ಎರಡು ಮಾತಿಲ್ಲ. ಕಾಂಕ್ರೀಟಿನ ಚಪ್ಪಡಿ ಎತ್ತುವ ಯಂತ್ರ ಅವರ ಹತ್ತಿರ ಇತ್ತು. ವಿಮಾನದಲ್ಲಿ ಗಾಯಾಳುಗಳನ್ನು ಶೀನಿಂಗ್, ಲಾನ್‌ಜೋ, ಛಂಗ್‌ದುಗೆ ಸಾಗಿಸಿದ್ದು ಸರ್ಕಾರವೇ. ಡೇರೆ ಆಸ್ಪತ್ರೆ, ಕುಡಿಯುವ ನೀರು, ಕರೆಂಟು ಎಲ್ಲ ಅವರದ್ದೇ. ಪ್ರಧಾನಿ ವೆನ್ ಜಿಯಾಬಾವ್ ಮಾರನೇ ದಿನವೇ ಬಂದರು. ಅಧ್ಯಕ್ಷ ಹೂ ಜಿಂಟಾವ್ ದಕ್ಷಿಣ ಅಮೆರಿಕದ ಪ್ರವಾಸವನ್ನು ಅರ್ಧಕ್ಕೇ ನಿಲ್ಲಿಸಿ ಬಂದರು.

ಆದರೆ ಗಂಟೆಗಳ ಲೆಕ್ಕ ನೋಡಿ. ಮಣ್ಣಿನ ಮನೆ ಬಿದ್ದರೆ ಅದು ಪುಡಿಯಾಗಿ ಕೂರುತ್ತದೆ. ಕಾಂಕ್ರೀಟಿನಲ್ಲಿ ಎಲ್ಲೋ ಒಂದು ಸಂದು ಉಳಿಯುತ್ತದೆ, ಗಾಳಿ ಆಡುತ್ತದೆ. ಮಣ್ಣಿನ ಕೆಳಗೆ ಅದಿಲ್ಲ, ಮೂಗು ಬಾಯಿಗೆ ಧೂಳು ತುಂಬಿಬಿಡುತ್ತದೆ. ಬದುಕುವವರು ಬದುಕುವುದು ಮೊದಲ ಕೆಲವು ಗಂಟೆಗಳಲ್ಲಿ ತೆಗೆದರೆ ಮಾತ್ರ. ಆ ಹೊತ್ತಿಗೆ ಅಲ್ಲಿ ಇದ್ದವರು ಯಾರು? ಪಕ್ಕದ ಮನೆಯವರು. ಎಲ್ಲ ದೇಶದ ಭೂಕಂಪಗಳಲ್ಲೂ ಹೀಗೇ, ಜೀವಂತ ಸಿಕ್ಕವರಲ್ಲಿ ಜಾಸ್ತಿ ಜನರನ್ನು ತೆಗೆದವರು ನೆರೆಯವರೇ ಆಗಿರುತ್ತಾರೆ.

ಎರಡನೆಯದು ಎತ್ತರ. ಬಯಲಿನ ಊರುಗಳಿಂದ ವಿಮಾನದಲ್ಲಿ ಬಂದು ಇಳಿದ ರಕ್ಷಣಾ ಸಿಬ್ಬಂದಿಯಲ್ಲಿ ಎಷ್ಟೋ ಜನಕ್ಕೆ ತಲೆ ಎತ್ತಲು ಆಗಲಿಲ್ಲ. ತಲೆನೋವು, ವಾಂತಿ, ನಾಲ್ಕು ಹೆಜ್ಜೆಗೆ ಏದುಸಿರು. ಅವರ ತಪ್ಪಲ್ಲ, ದೇಹ ಹೊಂದಿಕೊಳ್ಳಲು ದಿನಗಳು ಬೇಕು. ಸನ್ಯಾಸಿಗಳು ಹುಟ್ಟಿ ಬೆಳೆದದ್ದೇ ಆ ಗಾಳಿಯಲ್ಲಿ.

ಸನ್ಯಾಸಿಗಳು ಬಂದದ್ದು ಬರೀ ಯೂಶುವಿನ ಮಠಗಳಿಂದಲ್ಲ. ಅಲ್ಲಿನ ಥ್ರಾಂಗು ಮಠವೇ ಕುಸಿದು ಅಲ್ಲಿನ ಎಷ್ಟೋ ಸನ್ಯಾಸಿಗಳು ಸತ್ತಿದ್ದರು. ಪಕ್ಕದ ಸಿಚುವಾನ್ ಪ್ರಾಂತ್ಯದ ಸೆರ್ಶುಲ್‌ನಿಂದ, ದೂರದ ಸೆರ್ತಾರ್‌ನಿಂದ ಲಾರಿಗಳಲ್ಲಿ ತುಂಬಿಕೊಂಡು ಬಂದರು. ನಕ್ಷೆ ನೋಡಿದರೆ ಸೆರ್ಶುಲ್ ಗ್ಯೇಗುವಿಗೆ ಶೀನಿಂಗ್‌ಗಿಂತ ಎಷ್ಟೋ ಹತ್ತಿರ. ಸಲಿಕೆ, ಹಾರೆ, ಹಿಟ್ಟಿನ ಚೀಲ ಅವರೇ ತಂದಿದ್ದರು. ಬರಿಗೈಯಲ್ಲೂ ಅಗೆದರು. ಒಬ್ಬ ಸನ್ಯಾಸಿಯ ಬೆರಳುಗಳಿಗೆ ಶೀನಿಂಗ್‌ನಲ್ಲಿ ಬ್ಯಾಂಡೇಜು ಕಟ್ಟುವಾಗ ನಾನು ಪಕ್ಕದಲ್ಲಿದ್ದೆ. ಆರು ಬೆರಳಿಗೆ ಉಗುರೇ ಇರಲಿಲ್ಲ.

ಮೂರನೆಯದು ಭಾಷೆ. ಆ ಊರಿನ ಬಹುಪಾಲು ಜನ ಟಿಬೆಟಿನವರು, ವಯಸ್ಸಾದವರಿಗೆ ಚೀನೀ ಭಾಷೆ ಬರುವುದಿಲ್ಲ. ಕಲ್ಲಿನ ರಾಶಿಯ ಮೇಲೆ ನಿಂತು ಕೂಗಿದರೆ ಕೆಳಗಿದ್ದವರಿಗೆ ಅರ್ಥವಾಗಬೇಕಲ್ಲ?

ಅಡ್ಡಿ ಆಗಿದ್ದೂ ಇದೆ, ಇಲ್ಲ ಅನ್ನುವುದಿಲ್ಲ. ಹೆದ್ದಾರಿಯಲ್ಲಿ ಸ್ವಯಂಸೇವಕರ ಕಾರುಗಳಿಂದ ಲಾರಿಗಳ ಸಾಲು ನಿಂತಿತ್ತು. 2008ರ ವೆನ್‌ಚುವಾನ್ ಭೂಕಂಪದಲ್ಲಿ ಕೆಲಸ ಮಾಡಿ ಹುರುಪು ಬಂದವರು ಬಹಳ ಜನ ಇದ್ದರು. ಅದು ಸಿಚುವಾನ್, ಇದು ಅದಕ್ಕಿಂತ ಬಹಳ ಎತ್ತರದ ಸೀಮೆ ಅಂತ ಯೋಚಿಸದೆ ಬಂದವರು ಕೊನೆಗೆ ತಾವೇ ಆಮ್ಲಜನಕದ ಸಿಲಿಂಡರಿಗೆ ಕಾಯುತ್ತಾ ಕೂತರು. ಒಂದಿಬ್ಬರ ಎದೆಯೊಳಗಿನ ಗೊರಗೊರ ಸದ್ದನ್ನು ನಾನೇ ಸ್ಟೆತಸ್ಕೋಪ್ ಇಟ್ಟು ಕೇಳಿದ್ದೇನೆ. ಶ್ವಾಸಕೋಶದಲ್ಲಿ ನೀರು ಸೇರಿತ್ತು.

ಪ್ರಶ್ನೆ: ನಮಸ್ತೆ ಮೇಡಂ, ನಾನು ನರ್ಸಿಂಗ್ ಓದುತ್ತಿದ್ದೇನೆ. ಆಸ್ಪತ್ರೆಯಲ್ಲಿ ನಿಮ್ಮಂಥ ವಿದ್ಯಾರ್ಥಿಗಳಿಗೆ ಏನು ಕೆಲಸ ಕೊಟ್ಟರು?

ನನಗೆ ಕೊಟ್ಟಿದ್ದು ಡ್ರಿಪ್ ಬಾಟಲಿ ಹಿಡಿಯುವುದು, ಸ್ಟ್ರೆಚರ್ ತಳ್ಳುವುದು. ದೊಡ್ಡ ಕೆಲಸ ಮಾಡಿದ್ದು ಟಿಬೆಟಿನ ವಿದ್ಯಾರ್ಥಿಗಳು. ಅವರಲ್ಲಿ ಮೆಡಿಕಲ್ ಓದುವವರೇ ಕಡಿಮೆ. ಇತಿಹಾಸ, ಗಣಿತ, ಶಿಕ್ಷಕರ ತರಬೇತಿ ಓದುವವರು. ದುಭಾಷಿಗಳಾಗಿ ಬಂದು ವಾರ್ಡಿನಲ್ಲೇ ನಿಂತರು.

ಇದರಲ್ಲೂ ಒಂದು ತೊಡಕಿತ್ತು. ಶೀನಿಂಗ್ ಸುತ್ತಮುತ್ತಲಿನ ಟಿಬೆಟಿನವರು ಆಡುವುದು ಅಮ್ಡೋ ಕಡೆಯ ಮಾತು. ಯೂಶುವಿನವರದ್ದು ಖಮ್ ಮಾತು. ಬರೆದರೆ ಎರಡೂ ಒಂದೇ, ಬಾಯಲ್ಲಿ ಆಡಿದರೆ ಒಬ್ಬರದ್ದು ಇನ್ನೊಬ್ಬರಿಗೆ ಹತ್ತುವುದಿಲ್ಲ. ಅಮ್ಡೋ ಹುಡುಗರು ಪಾಪ ಕಾಗದದ ಮೇಲೆ ಬರೆದು ತೋರಿಸಲು ನೋಡಿದರು. ಅಜ್ಜಿಯರಿಗೆ ಓದಲು ಬರುತ್ತಿರಲಿಲ್ಲ.

ಒಬ್ಬ ಅಜ್ಜಿಯನ್ನು ಹೇಳುತ್ತೇನೆ. ಸೊಂಟದ ಮೂಳೆ ಮುರಿದಿತ್ತು, ಎಡಗಾಲು ಬಹಳ ಹೊತ್ತು ತೊಲೆಯ ಕೆಳಗೆ ಸಿಕ್ಕಿತ್ತು. ಜಡೆಯ ಎಳೆ ಎಳೆಯಲ್ಲೂ ಹವಳ, ನೆತ್ತಿಯ ಮೇಲೆ ನಿಂಬೆಹಣ್ಣಿನ ಗಾತ್ರದ ಹಳದಿ ಅಂಬರ್ ಮಣಿ. ತಲೆಗೂ ಪೆಟ್ಟು ಬಿದ್ದಿದ್ದರಿಂದ ಸ್ಕ್ಯಾನ್ ಮಾಡಬೇಕಿತ್ತು, ಒಡವೆ ತೆಗೆಯಬೇಕಿತ್ತು. ನರ್ಸ್ ಕತ್ತರಿ ಹಿಡಿದು ಬಂದಳು, ದಾರ ಕತ್ತರಿಸಲು. ಅದೇ ಹೊತ್ತಿಗೆ ಇನ್ನೊಬ್ಬ ಹೆಬ್ಬೆಟ್ಟು ಒತ್ತಿಸಲು ಕಾಗದ ಚಾಚಿದ. ಅಜ್ಜಿ ಕಿರುಚಲು ಶುರು ಮಾಡಿದಳು. ಕೈ ಹಿಡಿದರೆ ಕಚ್ಚಲು ಬಂದಳು. ತಲೆಗೆ ಪೆಟ್ಟಾಗಿ ಹೀಗಾಡುತ್ತಿದ್ದಾಳೆ, ಮಲಗಿಸುವ ಇಂಜೆಕ್ಷನ್ ಕೊಡೋಣ ಅಂತ ಒಬ್ಬರು ಅಂದರು.

ನೋಟ್‌ಬುಕ್ಕಿನ ನನ್ನ ಗೆಳತಿ ಅವತ್ತು ಅದೇ ವಾರ್ಡಿನಲ್ಲಿದ್ದಳು. ಓಡಿ ಬಂದು ಮಂಚದ ಪಕ್ಕ ಮಂಡಿಯೂರಿ ಮಾತಾಡಿದಳು. ವಿಷಯ ಇಷ್ಟೇ: ಕತ್ತರಿಯನ್ನೂ ಕಾಗದವನ್ನೂ ನೋಡಿ, ತನ್ನ ಕಾಲು ಕತ್ತರಿಸಲು ಒಪ್ಪಿಗೆ ಕೇಳುತ್ತಿದ್ದಾರೆ ಅಂದುಕೊಂಡಿದ್ದಳು ಅಜ್ಜಿ. ದಾರಕ್ಕೆ ಅಂತ ಗೊತ್ತಾದ ಮೇಲೆ ತಾನೇ ಮಲಗಿದಲ್ಲೇ ಒಂದೊಂದಾಗಿ ಬಿಚ್ಚಿ ಕೊಟ್ಟಳು. ಆಮೇಲೆ ಗೆಳತಿಯನ್ನು ವಿಚಾರಿಸಿದಳು. ಯಾರ ಮಗಳು, ಯಾವ ಹಳ್ಳಿ, ತಾತ ಯಾರು, ಅವರ ಕುದುರೆ ಯಾವ ವರ್ಷ ಪಂದ್ಯ ಗೆದ್ದಿತ್ತು. ನರ್ಸ್ ಗಡಿಯಾರ ನೋಡುತ್ತಿದ್ದಳು. ಆ ಮಾತಿನ ನಡುವೆ ಅಜ್ಜಿ ನಾಚಿಕೊಂಡು ಹೇಳಿದಳು, ನಿನ್ನೆಯಿಂದ ಮೂತ್ರ ಸರಿಯಾಗಿ ಬಂದಿಲ್ಲ, ಬಂದದ್ದೂ ಕಪ್ಪು ಚಹಾದ ಬಣ್ಣ ಅಂತ. ಗಂಡಸು ಡಾಕ್ಟರಿಗೆ ಹೇಗೆ ಹೇಳುವುದು?

ನೀನು ನರ್ಸಿಂಗ್ ಓದುವವಳು, ಇದನ್ನು ಬರೆದಿಟ್ಟುಕೊ. ಸ್ನಾಯು ಬಹಳ ಹೊತ್ತು ಭಾರದ ಕೆಳಗೆ ಸಿಕ್ಕಿಬಿದ್ದರೆ ಜೀವಕೋಶಗಳು ಒಡೆಯುತ್ತವೆ. ಭಾರ ಎತ್ತಿದ ಕೂಡಲೇ ಅದರೊಳಗಿನ ಪೊಟ್ಯಾಶಿಯಮ್ ರಕ್ತಕ್ಕೆ ನುಗ್ಗುತ್ತದೆ, ಹೃದಯದ ಬಡಿತ ತಪ್ಪಬಹುದು. ಮಯೋಗ್ಲೋಬಿನ್ ಅನ್ನುವ ಸ್ನಾಯುವಿನ ಕೆಂಪು ಪ್ರೋಟೀನು ಮೂತ್ರಪಿಂಡಕ್ಕೆ ಹೋಗಿ ಕಟ್ಟಿಕೊಳ್ಳುತ್ತದೆ. ಮೂತ್ರ ಕಪ್ಪಾಗುವುದು ಅದಕ್ಕೇ. ಅವಶೇಷದ ಕೆಳಗಿಂದ ಬದುಕಿ ಬಂದವರು, ಮಾತಾಡುತ್ತಾ ಇದ್ದವರು, ಎರಡು ಮೂರು ದಿನದಲ್ಲಿ ಸಾಯುವುದು ಹೀಗೆ. ಆದಷ್ಟು ಬೇಗ ಸಲೈನ್ ಕೊಡಬೇಕು, ಆದರೆ ಭಾರ ಎತ್ತುವ ಮೊದಲೇ ಶುರು ಮಾಡಿದರೆ ಎಲ್ಲಕ್ಕಿಂತ ಒಳ್ಳೆಯದು. ಅಜ್ಜಿಗೆ ಆಗಲೇ ರಕ್ತ ಪರೀಕ್ಷೆ ಆಯಿತು, ಡಯಾಲಿಸಿಸ್ ಆಯಿತು. ಕಾಲು ಉಳಿಯಿತು. ಇತಿಹಾಸ ಓದುವ ಹುಡುಗಿಯಿಂದ ಗೊತ್ತಾದ ರೋಗ ಅದು.

ಪ್ರಶ್ನೆ: ಟಿಬೆಟಿನವರು ಹೆಣವನ್ನು ಹದ್ದುಗಳಿಗೆ ಕೊಡುತ್ತಾರೆ ಅಂತ ಓದಿದ್ದೆ. ಆದರೆ ಯೂಶುವಿನಲ್ಲಿ ಸಾಮೂಹಿಕವಾಗಿ ಸುಟ್ಟರಂತಲ್ಲ? (ಹೆಸರು ಬೇಡ ಎಂದ ಓದುಗರು)

ಹೌದು. ಏಪ್ರಿಲ್ 17, ಶನಿವಾರ, ಊರಾಚೆಯ ಬೆಟ್ಟದ ಪಕ್ಕ ಉದ್ದಕ್ಕೆ ಗುಂಡಿ ತೋಡಿ ಸಾವಿರಕ್ಕೂ ಹೆಚ್ಚಿನ ಹೆಣಗಳನ್ನು ಸುಟ್ಟರು. ಹೆಣ ಹೊತ್ತವರು, ಸಾಲಾಗಿ ಮಲಗಿಸಿದವರು, ಮಂತ್ರ ಹೇಳಿದವರು ಎಲ್ಲ ಸನ್ಯಾಸಿಗಳೇ. ಹದ್ದುಗಳಿಗೆ ಅಷ್ಟು ಹೆಣ ಕೊಡಲು ಸಾಧ್ಯವೇ ಇರಲಿಲ್ಲ. ಬಿಟ್ಟರೆ ಕೊಳೆಯುತ್ತದೆ ಅನ್ನುವ ಚಿಂತೆ ಬೇರೆ. ಭೂಕಂಪದ ಹೆಣಗಳಿಂದ ಸಾಂಕ್ರಾಮಿಕ ರೋಗ ಹರಡುವುದು ನಾವು ಹೆದರುವಷ್ಟೇನಲ್ಲ, ಇದು ವೈದ್ಯರಿಗೆ ಗೊತ್ತಿರುವ ಮಾತು. ಆದರೆ ಸತ್ತವರ ಗತಿ ಏನು ಅಂತ ಮನೆಯವರಿಗೆ ಇರುವ ಸಂಕಟಕ್ಕೆ ನನ್ನ ವೈದ್ಯಶಾಸ್ತ್ರದಲ್ಲಿ ಔಷಧಿ ಇಲ್ಲ. ಹಿರಿಯ ಲಾಮಾಗಳು ಬಂದು, ಸುಡಬಹುದು, ದೋಷವಿಲ್ಲ ಅಂದಮೇಲೆ ಜನ ಒಪ್ಪಿದರು ಅಂತ ಗೆಳತಿ ಹೇಳಿದಳು. ಅದನ್ನು ಅಧಿಕಾರಿಗಳು ಹೇಳಿದ್ದರೆ ಆಗುತ್ತಿತ್ತೇ?

ಕೆಲವು ದಿನಗಳಲ್ಲೇ ಹೊರಗಿಂದ ಬಂದ ಸನ್ಯಾಸಿಗಳಿಗೆ ವಾಪಸು ಹೋಗಿ ಅಂತ ಸೂಚನೆ ಬಂತು. ಟಿವಿಯಲ್ಲಿ ಮುಕ್ಕಾಲು ಪಾಲು ಸೈನಿಕರ ಚಿತ್ರಗಳೇ. ಶೀನಿಂಗ್‌ನ ಟಿಬೆಟಿನವರು ಇದನ್ನು ನೋಡಿ ಏನೂ ಅನ್ನುತ್ತಿರಲಿಲ್ಲ, ಟಿವಿ ಆರಿಸುತ್ತಿದ್ದರು.

ಪ್ರಶ್ನೆ: ಸಹಾಯ ಮಾಡಿದವರನ್ನೇ ಜೈಲಿಗೆ ಹಾಕಿದರು ಅಂತ ಎಲ್ಲೋ ಓದಿದೆ. ನಿಜವೇ? ಜನ ಕೊಟ್ಟ ದುಡ್ಡು ಏನಾಯಿತು? (ಬ್ಯಾಂಕ್ ಉದ್ಯೋಗಿ)

ಬರೀ ಸಹಾಯ ಮಾಡಿದ್ದಕ್ಕೆ ಅಂತ ಹೇಳಲಾರೆ. ಆದರೆ ನೀವು ಓದಿದ್ದು ತಗ್ಯಾಲ್ ಅವರ ವಿಷಯ ಇರಬೇಕು. ಶೋಗ್‌ದುಂಗ್ ಅನ್ನುವ ಹೆಸರಲ್ಲಿ ಬರೆಯುತ್ತಿದ್ದ ಟಿಬೆಟಿ ಲೇಖಕ, ಶೀನಿಂಗ್‌ನಲ್ಲೇ ಇದ್ದವರು. ಅವರೂ ಇನ್ನು ಕೆಲವು ಬರಹಗಾರರೂ ಸೇರಿ ಒಂದು ಬಹಿರಂಗ ಪತ್ರ ಬರೆದರು. ಸಂತ್ರಸ್ತರಿಗೆ ಸಂತಾಪ ಹೇಳಿ, ದುಡ್ಡು ಕೊಡುವವರು ನಂಬಿಕಸ್ಥರ ಕೈಯಲ್ಲಿ ನೇರವಾಗಿ ಮುಟ್ಟಿಸಿ, ನಡುವೆ ಸೋರಿಹೋಗುವುದಿಲ್ಲ ಅಂತ ಯಾರು ಹೇಳುತ್ತಾರೆ ಎಂಬ ಅರ್ಥದ ಪತ್ರ. ಏಪ್ರಿಲ್ 23ರಂದು ಅವರ ಬಂಧನ ಆಯಿತು. ಅದಕ್ಕೂ ಮೊದಲು 2008ರ ಟಿಬೆಟ್ ಪ್ರತಿಭಟನೆಗಳ ಬಗ್ಗೆ ಅವರ ಪುಸ್ತಕವೊಂದು ಬಂದಿತ್ತು, ಅದರ ಸಿಟ್ಟೂ ಸೇರಿತ್ತು ಅನ್ನುವವರಿದ್ದಾರೆ. ಅಕ್ಟೋಬರ್‌ನಲ್ಲಿ ಜಾಮೀನಿನ ಮೇಲೆ ಬಿಟ್ಟರು.

ದುಡ್ಡಿನ ವಿಷಯ. ಜುಲೈಯಲ್ಲಿ ಬೀಜಿಂಗ್‌ನಿಂದ ಆದೇಶ ಬಂತು, ದೇಣಿಗೆ ಎತ್ತಿದ ದೊಡ್ಡ ಪ್ರತಿಷ್ಠಾನಗಳು ಯೂಶುವಿನ ದುಡ್ಡನ್ನು ಚಿಂಗ್‌ಹಾಯ್ ಪ್ರಾಂತ್ಯಕ್ಕೆ ಒಪ್ಪಿಸಬೇಕು, ಪುನರ್ನಿರ್ಮಾಣದ ಯೋಜನೆಯಲ್ಲಿ ಒಟ್ಟಿಗೆ ಖರ್ಚಾಗುತ್ತದೆ ಅಂತ. ಚೀನಾದ ಒಳಗೇ ಇದಕ್ಕೆ ಆಕ್ಷೇಪ ಬಂತು. ಶಾಲೆ ಕಟ್ಟಿಸಿ ಅಂತ ಕೊಟ್ಟವನಿಗೆ ಶಾಲೆಯ ಲೆಕ್ಕ ಬೇಕಲ್ಲ. ನೀವು ಬ್ಯಾಂಕಿನವರು, ನಿಮಗೆ ನಾನು ಹೇಳಬೇಕಾ?

ಊರಂತೂ ಎದ್ದಿತು. ಮೂರೇ ವರ್ಷದಲ್ಲಿ, 2013ರ ಹೊತ್ತಿಗೆ ಹೊಸ ಗ್ಯೇಗು ತಯಾರಾಯಿತು. ಅಗಲ ರಸ್ತೆ, ಸಾಲು ಮನೆ, ಆಸ್ಪತ್ರೆ, ಶಾಲೆ. ಹೊಸ ಮನೆಗಳು ಹಳೆಯದಕ್ಕಿಂತ ಗಟ್ಟಿ ಅನ್ನುವುದರಲ್ಲಿ ಅನುಮಾನ ಇಲ್ಲ. ಆದರೆ ರಸ್ತೆ ಬದಿಯ ತಮ್ಮ ಜಾಗ ಹೋಯಿತು, ಅಂಗಡಿ ಇದ್ದಲ್ಲಿ ಸರ್ಕಾರಿ ಕಟ್ಟಡ ಬಂತು ಅಂತ ಬೀದಿಗಿಳಿದವರೂ ಇದ್ದರು. ಹಸು, ಯಾಕ್ ಕಟ್ಟುತ್ತಿದ್ದ ಅಂಗಳ ಹೊಸ ಮನೆಗೆ ಇಲ್ಲ ಅಂತ ಗೆಳತಿಯ ಅಮ್ಮ ಫೋನಿನಲ್ಲಿ ಬೈಯುತ್ತಿದ್ದದ್ದು ನನಗೂ ಕೇಳಿಸುತ್ತಿತ್ತು.

ಪ್ರಶ್ನೆ: ನೀವು ಆಮೇಲಾದರೂ ಯೂಶುವಿಗೆ ಹೋಗಿದ್ದಿರಾ?

ಇಲ್ಲ.

ಪ್ರಶ್ನೆ: 2025ರ ಜನವರಿಯಲ್ಲಿ ಮತ್ತೆ ಟಿಬೆಟ್‌ನಲ್ಲಿ ಭೂಕಂಪ ಆಯಿತಲ್ಲ. ನನ್ನ ಚಿಕ್ಕಪ್ಪನ ಮಗ ಟ್ರೆಕ್ಕಿಂಗ್ ಮಾಡುವವನು. ಇಂಥದ್ದು ಇನ್ನೊಮ್ಮೆ ಆದರೆ ಗೆಳೆಯರನ್ನು ಕಟ್ಟಿಕೊಂಡು ಹೊರಟೇಬಿಡುತ್ತೇನೆ ಅನ್ನುತ್ತಾನೆ. ಹೋಗಬಹುದಾ? (ಓದುಗರು)

ಹೋಗಲು ಬಿಡುವುದಿಲ್ಲ. ಅದು ಟಿಬೆಟ್ ಸ್ವಾಯತ್ತ ಪ್ರದೇಶ. ವಿದೇಶಿಯರಿಗೆ ವೀಸಾದ ಮೇಲೆ ಬೇರೆ ಪರವಾನಗಿ ಬೇಕು, ಗುಂಪಿನ ಪ್ರವಾಸದಲ್ಲಿ ಮಾತ್ರ ಪ್ರವೇಶ.

ನೀವು ಕೇಳಿದ್ದು ದಿಂಗ್ರಿ ಭೂಕಂಪ. ಜನವರಿ 7, ಬೀಜಿಂಗ್ ಸಮಯ ಬೆಳಿಗ್ಗೆ 9.05. ಎವರೆಸ್ಟ್‌ನಿಂದ ಉತ್ತರಕ್ಕೆ ಸುಮಾರು 80 ಕಿಲೋಮೀಟರ್. ಹಳ್ಳಿಗಳೇ 4,000 ಮೀಟರಿಗಿಂತ ಮೇಲೆ. ರಾತ್ರಿ ಮೈನಸ್ 18 ಡಿಗ್ರಿಗೆ ಇಳಿದಿತ್ತು. ಸರ್ಕಾರ ಹೇಳಿದ ಸಾವಿನ ಸಂಖ್ಯೆ 126. ಆ ಚಳಿಯಲ್ಲಿ ಅವಶೇಷದ ಕೆಳಗೆ ಸಿಕ್ಕವನಿಗೆ ಗಾಯಕ್ಕಿಂತ ಮೊದಲು ಚಳಿಯೇ ಮಾರಿ. ದಿಂಗ್ರಿ ಇರುವುದು ಶಿಗಾತ್ಸೆ ಜಿಲ್ಲೆಯಲ್ಲಿ. ಶಿಗಾತ್ಸೆಯ ತಾಶಿ ಲ್ಹುನ್‌ಪೋ ಮಠದ ಹೆಸರಿನಲ್ಲೇ ಇಲ್ಲಿ ಬೈಲಕುಪ್ಪೆಯಲ್ಲೂ ಮಠ ಇದೆ. ದಲಾಯಿ ಲಾಮಾ ಆ ವಾರ ಅಲ್ಲೇ ಇದ್ದರು, ಸತ್ತವರಿಗಾಗಿ ಅಲ್ಲೇ ಪ್ರಾರ್ಥನೆ ನಡೆಸಿದರು.

ನಿಮ್ಮ ತಮ್ಮನಿಗೆ ಡಾಕ್ಟರಾಗಿ ಒಂದು ಮಾತು. ಪರವಾನಗಿ ಸಿಕ್ಕರೂ, ಬಯಲಿನಿಂದ ನೇರ 4,000 ಮೀಟರಿಗೆ ಹೋಗಿ ಇಳಿದು ಮೂಟೆ ಹೊರಲು ನಿಂತರೆ ಎರಡನೇ ದಿನ ಇನ್ನೊಬ್ಬರು ಅವನನ್ನೇ ಹೊರಬೇಕಾಗುತ್ತದೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಿಸಬಾರದು. ಎತ್ತರದ ಕಾಯಿಲೆ ತಡೆಯಲು ಅಸೆಟಜೋಲಮೈಡ್ ಮಾತ್ರೆ ಇದೆ, ಆದರೆ ಡಾಕ್ಟರನ್ನು ಕೇಳದೆ ನುಂಗಬೇಡಿ. ಸಲ್ಫಾ ಅಲರ್ಜಿ ಇದ್ದರೆ ಮೊದಲೇ ಹೇಳಿ. ಟ್ರೆಕ್ಕಿಂಗ್ ಮಾಡಿದವನಿಗೆ ಎತ್ತರ ಏನೂ ಮಾಡುವುದಿಲ್ಲ ಅನ್ನುವುದು ಸುಮ್ನೆ ಮಾತು. ಹೋದ ಸಲ ಏನೂ ಆಗದವನಿಗೆ ಈ ಸಲ ಆಗಬಹುದು.

ಪ್ರಶ್ನೆ: ಆ ನೋಟ್‌ಬುಕ್ ಈಗ ಎಲ್ಲಿದೆ? (ಪ್ರೌಢಶಾಲೆ ವಿದ್ಯಾರ್ಥಿ)

ಅವಳ ಹತ್ತಿರವೇ ಇರಬೇಕು ಪುಟ್ಟಾ. ಮೇ ತಿಂಗಳಲ್ಲಿ ಅದೇ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಯಾರ್ಸಾ ಗುಂಬು ಲೆಕ್ಕ ಬರೆಯುತ್ತಿದ್ದಳು. ಅದೊಂದು ಬಗೆಯ ಹುಳುವಿನ ಮೇಲೆ ಬೆಳೆಯುವ ಶಿಲೀಂಧ್ರ, ಔಷಧಿಗೆ ಬಳಸುತ್ತಾರೆ, ಬಂಗಾರದ ಬೆಲೆ. ಮೇ, ಜೂನ್‌ನಲ್ಲಿ ಗುಡ್ಡ ಹತ್ತಿ ಅದನ್ನು ಅಗೆದು ಮಾರಿದರೆ ಯೂಶುವಿನ ಎಷ್ಟೋ ಮನೆಗೆ ವರ್ಷದ ರೊಕ್ಕ. ಡೇರೆಯಲ್ಲಿದ್ದವರೂ ಮಕ್ಕಳನ್ನು ಕಟ್ಟಿಕೊಂಡು ಗುಡ್ಡಕ್ಕೆ ಹೋದರು. ಪಟ್ಟಿ ಮಾಡುವವರು ಬಂದಾಗ ಡೇರೆ ಖಾಲಿ. ಹೆಸರು ಬಿಟ್ಟುಹೋಯಿತು ಅಂತ ಆಮೇಲೆ ಜಗಳ. ಅದಕ್ಕೂ ಇವಳೇ ಫೋನು ಮಾಡಬೇಕಾಯಿತು.

ಮಂಡಿನೋವಿನವರು ದಯವಿಟ್ಟು ಮುಂದಿನ ಸಂಚಿಕೆಯವರೆಗೆ ತಾಳಿಕೊಳ್ಳಿ. ಎಕ್ಸ್‌ರೇ ಪ್ರತಿ ಕಳಿಸಬೇಡಿ, ನೋವು ಎಲ್ಲಿ, ಯಾವಾಗ ಅಂತ ಬರೆದರೆ ಸಾಕು.